ಕಾರಿನ ಮೈಯ ಮೆರುಗು

ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಹರಿಯತೊಡಗಿತೆಂದರೆ ಗೋಕಾಕ ಫಾಲ್ಸಿನ ದಾರಿಯೂ ತುಂಬಿಬಿಡುತ್ತದೆ. ಮರಳುಗಲ್ಲಿನ ಬಂಡೆಯ ಮೇಲಿಂದ 170 ಅಡಿ ಕೆಳಕ್ಕೆ ಧುಮುಕುವ ಕೆಂಪು ನೀರನ್ನು ಕಣ್ತುಂಬ ನೋಡಿ, ತೂಗುಸೇತುವೆಯನ್ನು ಮೆಚ್ಚಿ, ಕರದಂಟಿನ ಪೊಟ್ಟಣ ಬಿಚ್ಚಿ ಬಾಯಿ ಸಿಹಿ ಮಾಡಿಕೊಂಡು ಸಂಸಾರಸಮೇತರು ಕಾರಿನ ಬಳಿಗೆ ಮರಳುತ್ತಾರೆ. ಅಷ್ಟರಲ್ಲಿ ದಾರಿಯ ರಾಡಿಯೂ ತುಂತುರೂ ಬಾನೆಟ್ಟಿನ ಮೇಲೆ ಒಣಗಿ ಚುಕ್ಕೆ ಚುಕ್ಕೆಯಾಗಿರುತ್ತವೆ. ಯಜಮಾನರಿಗೆ ಇದನ್ನು ನೋಡಿ ಸಹಿಸಲಾಗದು. ಸೀಟಿನ ಕೆಳಗಿನಿಂದ ಹಳೆಯ ಧೋತರದ ಅರಿವೆಯನ್ನೆಳೆದು ಗಸಗಸನೆ ಒರೆಸಿಬಿಡುತ್ತಾರೆ. ಐದು ನಿಮಿಷದಲ್ಲಿ ಕಾರು ಫಳಫಳಿಸುತ್ತದೆ. ಅದೇ ಐದು ನಿಮಿಷದಲ್ಲಿ ಅದರ ಮೈಮೇಲೆ ನೂರಾರು ಗೀರುಗಳೂ ಬಿದ್ದಿರುತ್ತವೆ.

ಆ ಗೀರುಗಳು ನೆರಳಿನಲ್ಲಿ ಕಾಣುವುದಿಲ್ಲ. ಸಂಜೆಯ ಓರೆಬಿಸಿಲು ಬಿದ್ದಾಗ ಮಾತ್ರ ಜೇಡರ ಬಲೆಯಂತೆ ಸುತ್ತಸುತ್ತಲಾಗಿ ಎದ್ದು ತೋರುತ್ತವೆ. ಧೂಳೆಂದು ಹಗುರವಾಗಿ ಕರೆಯುವ ವಸ್ತುವಿನಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳಿರುತ್ತವೆ. ಅವು ಗಾಜನ್ನೇ ಗೀರಬಲ್ಲವು; ಬಣ್ಣದ ಪಾಡೇನು? ಒಣ ಅರಿವೆಯಿಂದ ಧೂಳನ್ನು ಒರೆಸುವುದೆಂದರೆ ನುಣುಪಾದ ಉಪ್ಪುಕಾಗದದಿಂದ ಉಜ್ಜಿದಂತೆಯೇ.

ಇಂದಿನ ಕಾರುಗಳ ವಿಷಯದಲ್ಲಿ ಇದು ಇನ್ನಷ್ಟು ಚಿಂತಿಸಬೇಕಾದ ಸಂಗತಿ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ಹಳೆಯ ದಿನಗಳನ್ನು ಬಲ್ಲವರಿಗೆ ಒಂದು ನೆನಪಿರಬಹುದು: ಪಾಲಿಶ್ ಹಚ್ಚಿ ಉಜ್ಜಿದಾಗ ಅರಿವೆಗೆ ಕಾರಿನ ಬಣ್ಣವೇ ಅಂಟಿಕೊಳ್ಳುತ್ತಿತ್ತು. ಬಿಳಿಯ ಕಾರಾದರೆ ಬಿಳಿ, ಕರಿಯದಾದರೆ ಕರಿ. ಬಿಸಿಲಿಗೆ ಸುಣ್ಣದಂತಾದ ಮೇಲ್ಪದರು ಹೋಗಿ ಕೆಳಗಿನ ಹೊಸ ಬಣ್ಣ ಕಾಣುತ್ತಿತ್ತು. ಸವೆಯುತ್ತಿದೆ ಎಂಬುದನ್ನು ಅರಿವೆಯೇ ತಿಳಿಸುತ್ತಿತ್ತು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ, ಗಾಜಿನಂತಹ ಇನ್ನೊಂದು ಪದರವಿರುತ್ತದೆ. ಕ್ಲಿಯರ್ ಕೋಟ್ ಎಂದು ಅದರ ಹೆಸರು. ಅದೂ ಉಜ್ಜಿದರೆ ಸವೆಯುತ್ತದೆ. ಆದರೆ ಅರಿವೆಯ ಮೇಲೆ ಅದರ ಸುಳಿವು ಸಿಗುವುದಿಲ್ಲ. ದಪ್ಪವಾದರೂ ಎಷ್ಟು? ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಎಂದರೆ ತಲೆಗೂದಲಿಗಿಂತಲೂ ತೆಳು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಈ ಪದರವೇ. ಒಮ್ಮೆ ಇದು ತೀರಾ ಸವೆದು ಸಿಪ್ಪೆಯೇಳತೊಡಗಿದರೆ ಯಾವ ಪಾಲಿಶೂ ಮರಳಿ ತರಲಾರದು. ಹೊಸದಾಗಿ ಬಣ್ಣ ಹೊಡೆಸುವುದೊಂದೇ ದಾರಿ. ಕಂತು ಕಟ್ಟಿ ಕಾರು ಕೊಂಡ ಸಂಸಾರಕ್ಕೆ ಅದು ಸಣ್ಣ ಖರ್ಚಲ್ಲ.

ಆದುದರಿಂದ ಕಾರಿನ ಮೆರುಗು ಉಳಿಯುವುದೂ ಅಳಿಯುವುದೂ ಪಾಲಿಶಿನ ಡಬ್ಬಿಯಿಂದಲ್ಲ, ತೊಳೆಯುವ ಕ್ರಮದಿಂದ. ಮೊದಲು ಬರಿಯ ನೀರನ್ನು ಧಾರಾಳವಾಗಿ ಸುರಿದು ಕೆಸರನ್ನು ಇಳಿಸಬೇಕು. ಈ ಹಂತದಲ್ಲಿ ಕೈ ಸೋಕಿಸಬಾರದು. ಬಳಿಕ ಎರಡು ಬಕೆಟ್ ಬೇಕು. ಒಂದರಲ್ಲಿ ಕಾರಿಗೆಂದೇ ಮಾಡಿದ ಶ್ಯಾಂಪೂ ಬೆರೆತ ನೀರು, ಇನ್ನೊಂದರಲ್ಲಿ ತಿಳಿನೀರು. ಒಂದು ಭಾಗವನ್ನು ತೊಳೆದೊಡನೆ ಅರಿವೆಯನ್ನು ತಿಳಿನೀರಿನಲ್ಲಿ ಜಾಲಿಸಿ, ಆಮೇಲೆ ಮತ್ತೆ ನೊರೆಗೆ ಅದ್ದಬೇಕು. ಒಂದೇ ಬಕೆಟ್ಟಿನಲ್ಲಿ ಮುಗಿಸುವವರು ಕೊಳೆಯನ್ನು ತೆಗೆದು ಅದನ್ನೇ ಮತ್ತೆ ಹಚ್ಚುತ್ತಿರುತ್ತಾರೆ. ಮೇಲಿನಿಂದ ಕೆಳಕ್ಕೆ ಬರುವುದು, ಗಾಲಿಗಳಿಗೆ ಬೇರೆ ಅರಿವೆಯಿಡುವುದು, ನೆಲಕ್ಕೆ ಬಿದ್ದ ಅರಿವೆಯನ್ನು ಮತ್ತೆ ಕಾರಿಗೆ ಮುಟ್ಟಿಸದಿರುವುದು, ಇವು ಅಡುಗೆಮನೆಯ ಮಡಿಯನ್ನು ಬಲ್ಲವರಿಗೆ ಹೇಳಿಕೊಡಬೇಕಾದ ಮಾತುಗಳೇನಲ್ಲ.

1885ರಲ್ಲಿ ಸ್ಥಾಪನೆಯಾದ ಗಿರಣಿಯಿಂದಾಗಿ ಹತ್ತಿಯ ನೂಲಿಗೆ ಹೆಸರಾದ ಊರಿನಲ್ಲಿ ಹೀಗೆನ್ನುವುದು ಒಪ್ಪದು. ಆದರೂ ಈ ಕೆಲಸಕ್ಕೆ ಹಳೆಯ ಧೋತರಕ್ಕಿಂತ ಮೈಕ್ರೋಫೈಬರ್ ಬಟ್ಟೆಯೇ ಮೇಲು. ಅದರ ಸೂಕ್ಷ್ಮವಾದ ಎಳೆಗಳು ಧೂಳಿನ ಕಣವನ್ನು ತಮ್ಮೊಳಗೆ ಎಳೆದುಕೊಳ್ಳುತ್ತವೆ. ಚಪ್ಪಟೆ ನೇಯ್ಗೆಯ ಅರಿವೆ ಅದೇ ಕಣವನ್ನು ಬಣ್ಣದ ಮೇಲೆ ಉರುಳಾಡಿಸುತ್ತದೆ. ಬೋರಿನ ಗಡಸು ನೀರಾದರೆ ತೊಳೆದ ಮೇಲೆ ಹಾಗೆಯೇ ಬಿಡಬಾರದು. ಬಿಸಿಲಿಗೆ ಒಣಗಿದ ಹನಿಯೊಂದೊಂದೂ ಬಿಳಿಯ ಉಂಗುರವಾಗಿ ಉಳಿಯುತ್ತದೆ. ಸೀಮೆಎಣ್ಣೆಯ ಅರಿವೆಯಿಂದ ಮೈ ಒರೆಸುವ ಹಳೆಯ ಡ್ರೈವರರ ಚಾಳಿಯಂತೂ ಬೇಡವೇ ಬೇಡ. ಅದರ ಹೊಳಪು ಎಣ್ಣೆಯದು. ಊರ ಹೊರಗಿನ ಮೊದಲ ಧೂಳಿಗೇ ಮುಗಿಯುತ್ತದೆ.

ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಇವೆರಡನ್ನೂ ಒಂದೆಂದು ತಿಳಿಯುವವರೇ ಹೆಚ್ಚು. ಪಾಲಿಶಿನಲ್ಲಿ ಅತಿ ಸಣ್ಣ ಉಜ್ಜುಪುಡಿ ಇರುತ್ತದೆ. ಗೀರಿನ ಅಂಚನ್ನು ಸವೆಸಿ ಮೇಲ್ಮೈಯನ್ನು ಸಮಮಾಡುವುದು ಅದರ ಕೆಲಸ. ಎಂದರೆ ಪ್ರತಿ ಪಾಲಿಶಿಗೂ ಮೇಲಿನ ಪದರದಲ್ಲಿ ಸ್ವಲ್ಪ ವೆಚ್ಚವಾಗುತ್ತದೆ. ತಿಂಗಳಿಗೊಮ್ಮೆ ಪಾಲಿಶ್ ಮಾಡುವ ಉತ್ಸಾಹಿಗಳು ಕಾರನ್ನು ಪ್ರೀತಿಯಿಂದಲೇ ಸವೆಸುತ್ತಿದ್ದಾರೆ. ವ್ಯಾಕ್ಸ್ ಏನನ್ನೂ ಸವೆಸುವುದಿಲ್ಲ. ತೆಳುವಾದ ಹೊದಿಕೆಯಂತೆ ಮೇಲೆ ನಿಲ್ಲುತ್ತದೆ. ಇವುಗಳಲ್ಲಿ ಹೆಸರಾದುದು ಬ್ರೆಜಿಲ್ ದೇಶದ ಒಂದು ತಾಳೆಯ ಜಾತಿಯ ಮರದ ಎಲೆಗಳಿಂದ ಬರುವ ಕಾರ್ನೌಬಾ ಮೇಣ. ನೆರಳಿನಲ್ಲಿ, ತಣ್ಣಗಿರುವ ಮೈಮೇಲೆ, ಕಾಡಿಗೆ ತೀಡಿದಷ್ಟು ತೆಳುವಾಗಿ ಹಚ್ಚಿ, ಮಂಜು ಕವಿದಂತಾದಾಗ ಮೆತ್ತನೆಯ ಬಟ್ಟೆಯಿಂದ ಒರೆಸಿ ತೆಗೆದರೆ ಸಾಕು. ದಪ್ಪಗೆ ಮೆತ್ತಿದರೆ ಲಾಭವಿಲ್ಲ, ತೋಳಿಗೆ ನೋವು ಮಾತ್ರ. ಮೇಲೆ ಸುರಿದ ನೀರು ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಲ್ಲುವವರೆಗೆ ಮೇಣ ಇದೆಯೆಂದರ್ಥ. ಹರಡಿ ನಿಂತರೆ ಮತ್ತೆ ಹಚ್ಚುವ ಕಾಲ ಬಂದಿತು.

ಹಕ್ಕಿಯ ಹಿಕ್ಕೆಯನ್ನು ಮಾತ್ರ ಭಾನುವಾರದವರೆಗೆ ಕಾಯಿಸಬಾರದು. ಬೇವು, ಹುಣಸೆಗಳ ನೆರಳನ್ನು ಹುಡುಕಿ ನಿಲ್ಲಿಸುವವರಿಗೆ ಇದು ತಪ್ಪಿದ್ದಲ್ಲ. ಬಿಸಿಲಿಗೆ ಮೆತ್ತಗಾದ ಮೇಲ್ಪದರು ರಾತ್ರಿ ತಣಿದು ಬಿಗಿಯುವಾಗ ಒಣಗಿದ ಹಿಕ್ಕೆಯ ಅಚ್ಚನ್ನೇ ತಳೆಯುತ್ತದೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಕೆಲವು ನಿಮಿಷ ಹೊದಿಸಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಬೇಕು, ಉಜ್ಜಬಾರದು.

ಇನ್ನು ಖಂಡೇನವಮಿ. ಆ ದಿನ ಗೋಕಾಕ, ಹುಕ್ಕೇರಿ, ಮೂಡಲಗಿಗಳ ಬೀದಿಗಳಲ್ಲಿ ತೊಳೆಯದ ಗಾಡಿಯನ್ನು ಕಾಣುವುದೇ ಅಪರೂಪ. ಕಬ್ಬಿನ ಟ್ರ್ಯಾಕ್ಟರಿಗೂ ಅಭ್ಯಂಜನದ ಯೋಗ. ಆದರೆ ವರ್ಷವೆಲ್ಲ ಜೋಪಾನ ಮಾಡಿದ ಕಾರಿನ ಮೈಗೆ ಆ ಒಂದೇ ದಿನ ನಿಂಬೆಯ ಹುಳಿ, ತೆಂಗಿನ ನೀರು, ಎಣ್ಣೆಯಲ್ಲಿ ಕಲಸಿದ ಕುಂಕುಮ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಪೂಜೆಗೆ ಎರಡು ದಿನ ಮೊದಲೇ ವ್ಯಾಕ್ಸ್ ಹಚ್ಚಿಟ್ಟರೆ ಕಲೆ ಒಳಗಿಳಿಯುವುದು ಕಡಿಮೆಯಾಗುತ್ತದೆ. ಅರಿಶಿನ ಕುಂಕುಮಗಳನ್ನು ಗಾಜಿಗೆ ಹಚ್ಚಿದರೆ ಇನ್ನೂ ಒಳ್ಳೆಯದು. ದೇವರು ಗಾಜಿಗೂ ಬಾನೆಟ್ಟಿಗೂ ಭೇದವೆಣಿಸುವುದಿಲ್ಲ. ಹೂಮಾಲೆಯನ್ನು ತಂತಿಯಿಂದ ಬಿಗಿಯದೆ ದಾರದಿಂದ ಕಟ್ಟಬೇಕು. ಪೂಜೆ ಮುಗಿದ ದಿನವೇ ಸಂಜೆ ಒಂದು ಬಕೆಟ್ ನೀರು ಸುರಿದುಬಿಡಬೇಕು. ಆಮೇಲೂ ಅರಿಶಿನದ ಹಳದಿ ಉಳಿದಿದ್ದರೆ ಗಾಬರಿಯಾಗಿ ಪಾಲಿಶಿನ ಡಬ್ಬಿಗೆ ಕೈ ಹಾಕಬೇಕಿಲ್ಲ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವಂಥದಲ್ಲ. ಕೆಲವು ದಿನ ಹೊರಗೆ ನಿಲ್ಲಿಸಿದರೆ ತಾನಾಗಿಯೇ ಮಾಸಿಹೋಗುತ್ತದೆ.