ಮೊದಲೇ ಇದ್ದ ಕಾಯಿಲೆ: ಮೈಯಲ್ಲೋ, ಚೀಟಿಯಲ್ಲೋ?

ಆರೋಗ್ಯ ವಿಮೆಯ ಪಾಲಿಸಿ ಕೊಳ್ಳುವ ಮುಂಚೆ ಮೈಯಲ್ಲಿ ಸೇರಿಕೊಂಡಿದ್ದ ರೋಗವೆಲ್ಲ 'ಮೊದಲೇ ಇದ್ದ ಕಾಯಿಲೆ' ಎಂದುಕೊಳ್ಳುವವರೇ ಹೆಚ್ಚು. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಹಾಗೆ ಹೇಳಿಲ್ಲ. ಪಾಲಿಸಿ ಶುರುವಾದ ದಿನದಿಂದ ಹಿಂದಿನ 36 ತಿಂಗಳಲ್ಲಿ ವೈದ್ಯರು ಪತ್ತೆ ಮಾಡಿದ, ಇಲ್ಲವೇ ಸಲಹೆ, ಚಿಕಿತ್ಸೆ ಕೊಟ್ಟ ಕಾಯಿಲೆ ಮಾತ್ರ ಆ ಲೆಕ್ಕಕ್ಕೆ ಬರುತ್ತದೆ. 2024ರ ಏಪ್ರಿಲ್‌ಗೆ ಮುಂಚೆ ಈ ಅವಧಿ 48 ತಿಂಗಳಿತ್ತು. ಪಾಲಿಸಿ ಸಿಕ್ಕ ಮೂರು ತಿಂಗಳೊಳಗೆ ಲಕ್ಷಣ ತೋರಿ ಪತ್ತೆಯಾದ ರೋಗವನ್ನೂ 2019ರಲ್ಲಿ ಇದರೊಳಗೆ ಸೇರಿಸಿದ್ದರು; 2020ರಲ್ಲಿ ಅದನ್ನು ಕೈಬಿಟ್ಟರು. ಹೀಗೆ ವ್ಯಾಖ್ಯೆ ವರ್ಷದಿಂದ ವರ್ಷಕ್ಕೆ ರೋಗಿಯ ಮೈಯನ್ನು ಬಿಟ್ಟು ವೈದ್ಯರ ಚೀಟಿಯ ಕಡೆಗೆ ಸರಿದಿದೆ.

ಇದರಲ್ಲೊಂದು ವಿಚಿತ್ರವಿದೆ. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ಅವರಲ್ಲಿ ಎಷ್ಟೋ ಜನಕ್ಕೆ ತಮಗೆ ಅದಿರುವುದೇ ತಿಳಿದಿಲ್ಲ. ತಪ್ಪದೆ ರಕ್ತಪರೀಕ್ಷೆ ಮಾಡಿಸಿಕೊಂಡವರು ಆ ಕಾಯಿಲೆಯ ಖರ್ಚನ್ನು ವಿಮಾ ಕಂಪನಿ ಭರಿಸಲು ಮೂರು ವರ್ಷದವರೆಗೂ ಕಾಯಬೇಕಾಗಬಹುದು (ಇದೇ 'ಕಾಯುವ ಅವಧಿ'), ಡಾಕ್ಟರ ಮುಖವನ್ನೇ ನೋಡದವರಿಗೆ ಆ ಕಾಯುವಿಕೆ ಇಲ್ಲ. ಎಚ್ಚರದಿಂದಿದ್ದವರಿಗೇ ದಂಡ ಎನಿಸುವುದು ನಿಜ. ಆದರೂ ಈ ಅಳತೆಗೋಲೇ ವಾಸಿ. ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು, ಕ್ಯಾನ್ಸರ್ ಗಡ್ಡೆ ಬೆಳೆಯುವುದು ಒಂದೆರಡು ತಿಂಗಳ ಕೆಲಸವಲ್ಲ. ರೋಗ ಮೈಯಲ್ಲಿ ಎಂದು ಹುಟ್ಟಿತು ಎಂಬುದೇ ಪ್ರಶ್ನೆಯಾದರೆ, ದೊಡ್ಡ ಕಾಯಿಲೆಗಳಲ್ಲಿ ಬಹುಪಾಲನ್ನು 'ಇದು ಮೊದಲೇ ಇತ್ತು' ಎಂದು ತಳ್ಳಿಹಾಕಬಹುದಿತ್ತು.

ಆದರೆ ಕಾಯುವ ಅವಧಿ ಬೇರೆ, ಕೇಳಿದ್ದಕ್ಕೆ ನಿಜ ಹೇಳುವ ಹೊಣೆ ಬೇರೆ. ನಾಲ್ಕು ವರ್ಷದ ಹಿಂದೆ ವಾಸಿಯಾದ ಕಾಯಿಲೆ ವ್ಯಾಖ್ಯೆಯ ಹೊರಗಿರಬಹುದು. ಆದರೂ ಪಾಲಿಸಿಗಾಗಿ ತುಂಬುವ ಪ್ರೊಪೋಸಲ್ ಫಾರ್ಮ್ 'ಎಂದಾದರೂ ಇತ್ತೇ' ಎಂದು ಕೇಳಿದ್ದರೆ ಅದನ್ನೂ ಬರೆಯಲೇಬೇಕು. 'ಬಿಪಿ ವಿಷಯ ಬರೆಯಬೇಡಿ, ಪ್ರೀಮಿಯಂ ಜಾಸ್ತಿಯಾಗುತ್ತೆ' ಎನ್ನುವ ಏಜೆಂಟ್, ಕ್ಲೈಮ್ ತಿರಸ್ಕೃತವಾದ ದಿನ ಜೊತೆಗಿರುವುದಿಲ್ಲ. ಅಂದು ಮಾತಾಡುವುದು ಡಿಸ್ಚಾರ್ಜ್ ಸಮ್ಮರಿ. ಅದರಲ್ಲಿ ಯಾರೋ ಕಿರಿಯ ವೈದ್ಯರು ಅವಸರದಲ್ಲಿ ಗೀಚಿದ 'ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ' ಎಂಬ ಒಂದೇ ಸಾಲು ಸಾಕು. ಕಿಡ್ನಿ ಕೆಟ್ಟಿದ್ದುದನ್ನು ಮುಚ್ಚಿಟ್ಟು ಪಾಲಿಸಿ ಪಡೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಸತ್ವಂತ್ ಕೌರ್ ಸಂಧು ತೀರ್ಪಿನಲ್ಲಿ, ವಿಮಾ ಕಂಪನಿಯ ಪರ ನಿಂತಿತು. 2021ರ ಮನಮೋಹನ್ ನಂದಾ ತೀರ್ಪು ಮತ್ತೊಂದು ಬದಿಯನ್ನು ತೋರಿಸಿತು: ಸಕ್ಕರೆ ಕಾಯಿಲೆಯನ್ನು ತಿಳಿಸಿ, ವೈದ್ಯಕೀಯ ಪರೀಕ್ಷೆಗೂ ಒಳಗಾಗಿ ಪಾಲಿಸಿ ಪಡೆದವರಿಗೆ ಅಮೆರಿಕದಲ್ಲಿ ಹೃದಯಾಘಾತವಾದಾಗ, ಕಂಪನಿ ಅದೇ ಕಾಯಿಲೆಯ ನೆಪ ತೆಗೆದು ಜಾರಿಕೊಳ್ಳುವಂತಿಲ್ಲ ಎಂದಿತು. ಎರಡನ್ನೂ ಕೂಡಿಸಿ ಓದಿದರೆ ನನಗೆ ತೋರುವುದಿಷ್ಟು. ಕಂಪನಿ ತನಿಖೆ ಮಾಡಬೇಕಾದ ಹೊತ್ತು ಪಾಲಿಸಿ ಕೊಡುವ ಮುಂಚಿನದು.

ಹಾಗೆ ಎಲ್ಲರನ್ನೂ ಮೊದಲೇ ಪರೀಕ್ಷಿಸಿದರೆ ಖರ್ಚು ಏರಿ ಪ್ರೀಮಿಯಂ ದುಬಾರಿಯಾಗುತ್ತದೆ, ಕಾಯುವ ಅವಧಿಯನ್ನೇ ತೆಗೆದರೆ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವಂತೆ ಜನ ರೋಗ ಬಂದ ಮೇಲಷ್ಟೇ ಪಾಲಿಸಿಗೆ ಬರುತ್ತಾರೆ ಎಂಬ ಆಕ್ಷೇಪವಿದೆ. ಎರಡನೆಯ ಮಾತು ಗಟ್ಟಿಯಾದದ್ದು. ಆಯುಷ್ಮಾನ್ ಭಾರತ ಯೋಜನೆ ಮೊದಲ ದಿನದಿಂದಲೇ ಹಳೆಯ ಕಾಯಿಲೆಗೂ ಚಿಕಿತ್ಸೆ ಕೊಡುತ್ತದೆ. ಅದು ಸಾಧ್ಯವಾಗುವುದು ರೋಗ ಬಂದವರಷ್ಟೇ ಆರಿಸಿಕೊಂಡು ಬರುವ ಯೋಜನೆ ಅದಲ್ಲದ್ದರಿಂದ. ಬಿಡಿಯಾಗಿ ಕೊಳ್ಳುವ ಪಾಲಿಸಿಗೆ ಕಾಯುವ ಅವಧಿ ಬೇಕು, ಒಪ್ಪೋಣ. ಮೊದಲ ಮಾತಿನಲ್ಲಿ ಅಷ್ಟು ತಿರುಳಿಲ್ಲ. ಪರೀಕ್ಷೆಗೆ ಹಣವಿಲ್ಲ ಎನ್ನುವ ಕಂಪನಿ, ಕ್ಲೈಮ್ ಬಂದಾಗ ಹಳೆಯ ಚೀಟಿ ಹುಡುಕಲು ತನಿಖೆಗಾರರನ್ನು ಕಳಿಸಲು ಹಣ ಹೊಂದಿಸುತ್ತದೆ. ತನಿಖೆ ಮುಂಚೆಯೇ ನಡೆಯಬೇಕು ಎಂಬುದನ್ನು ಐಆರ್‌ಡಿಎಐ ಕೂಡ ಅರ್ಧ ಒಪ್ಪಿದಂತಿದೆ: ಬಿಡದೆ 60 ತಿಂಗಳು ಪಾಲಿಸಿ ನಡೆಸಿದವರ ಮೇಲೆ, ವಂಚನೆಯನ್ನು ಸಾಬೀತು ಮಾಡದ ಹೊರತು, ಕಾಯಿಲೆ ಮುಚ್ಚಿಟ್ಟ ಆರೋಪ ನಡೆಯದು. ಮೊದಲು ಇದಕ್ಕೆ ಎಂಟು ವರ್ಷ ಬೇಕಿತ್ತು. ಕ್ಲೈಮ್ ತಿರಸ್ಕರಿಸಲು ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯೂ 2024ರಿಂದ ಕಡ್ಡಾಯ. ಆ ಸಮಿತಿಯಾದರೂ ಕೂರುವುದು ರೋಗಿ ಆಸ್ಪತ್ರೆ ಸೇರಿದ ಮೇಲೆಯೇ.