ಸಕ್ಕರೆ ಎಲ್ಲಿ ಸೋರಿತು?

ದೂಧಗಂಗೆಯ ತೀರದ ಸದಲಗಾ ಕಬ್ಬಿನ ಸೀಮೆ. ಇಂಥ ಸೀಮೆಯ ಕಾರ್ಖಾನೆಯೊಂದರಲ್ಲಿ ಸಕ್ಕರೆಯ ಇಳುವರಿ ಕುಗ್ಗಿತೆಂದು ಭಾವಿಸಿರಿ. ಪಾಕವು ಅಂಟಾಗಿದೆ, ಹರಳು ಬೇಗ ಬೆಳೆಯದು. ಕಡಾಯಿಯನ್ನು ದೂರುವುದು ಸುಲಭ. ಆದರೆ ‘ಏಕೆ?’ ಎಂಬುದನ್ನು ಐದು ಸಲ ಕೇಳಬೇಕೆಂದು ಟೊಯೋಟಾ ಕಾರ್ಖಾನೆಯ ತಾಯಿಚಿ ಓನೊ 1978ರ ತಮ್ಮ ಗ್ರಂಥದಲ್ಲಿ ತಿಳಿಸಿದರು.

ಪಾಕ ಅಂಟಾದುದೇಕೆ? ರಸದಲ್ಲಿ ಡೆಕ್ಸ್ಟ್ರಾನ್ ಎಂಬ ಗೋಂದಿನಂಥ ವಸ್ತುವಿದೆ. ಅದು ಬಂದುದೆಲ್ಲಿಂದ? ಕಬ್ಬಿನ ಕಡಿದ ತುದಿಯನ್ನು ಹೊಕ್ಕ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯಿಂದಲೇ ಅದನ್ನು ನಿರ್ಮಿಸಿತು. ಅದಕ್ಕೆ ಅವಕಾಶ ದೊರೆತುದೇಕೆ? ಕಬ್ಬು ಗಾಡಿಯಲ್ಲಿ ಬಿಸಿಲಿಗೆ ಕಾದಿತ್ತು. (ಒಣಗಿ ಇಳಿದ ತೂಕ ರೈತನ ನಷ್ಟ!) ಕಾದುದೇಕೆ? ಅರೆಯಬಲ್ಲುದಕ್ಕಿಂತ ಹೆಚ್ಚು ಕಬ್ಬಿಗೆ ಒಂದೇ ದಿನ ಕಟಾವಿನ ಚೀಟಿ ಹಂಚಲಾಗಿತ್ತು. ದೋಷವಿದ್ದುದು ಚೀಟಿಯಲ್ಲಿ.

ಈ ಒಂದೊಂದು ಉತ್ತರವನ್ನೂ ಅಳೆದು ನೋಡಬೇಕು. ಅಳೆಯುವ ಉಪಕರಣವನ್ನೂ ಸಂಶಯಿಸಬೇಕು. ದ್ರಾವಣವು ಬೆಳಕಿನ ಧ್ರುವಣತಲವನ್ನು ಎಷ್ಟು ತಿರುಗಿಸುವುದೆಂಬುದರಿಂದ ಪ್ರಯೋಗಶಾಲೆಯ ಧ್ರುವಣಮಾಪಕವು ಸಕ್ಕರೆಯನ್ನು ಅಳೆಯುವುದು. ಸಮತೂಕದ ಡೆಕ್ಸ್ಟ್ರಾನ್ ಅದೇ ದಿಕ್ಕಿಗೆ ಸುಮಾರು 3 ಪಟ್ಟು ತಿರುಗಿಸುವುದು. ಆದುದರಿಂದ ಹಳಸಿದ ರಸದಲ್ಲಿ ಇಲ್ಲದ ಸಕ್ಕರೆಯೂ ಇದ್ದಂತೆ ತೋರುವುದು! ಲೆಕ್ಕದ ಆ ಸಕ್ಕರೆ ಚೀಲಕ್ಕೆ ಬಾರದಾಗ ಆರೋಪ ಮತ್ತೆ ಕಡಾಯಿಯ ಮೇಲೆಯೇ.