ತೆಂಗಿನ ಗರಿ ಹಳದಿಯಾಗಿದೆಯೇ? ಗೊಬ್ಬರದ ಚೀಲ ಬಿಚ್ಚುವ ಮೊದಲು ನೋಡಬೇಕಾದ್ದು

ಊರು ಬಿಟ್ಟು ಹತ್ತು ವರ್ಷ ಬೆಂಗಳೂರಿನಲ್ಲಿದ್ದು, ಈಗ ಚಿಕ್ಕನಾಯಕನಹಳ್ಳಿ ಕಡೆಯ ಅಪ್ಪನ ತೋಟ ನೋಡಿಕೊಳ್ಳಲು ಬಂದಿದ್ದೀರಿ ಎಂದುಕೊಳ್ಳಿ. ಬೆಳಿಗ್ಗೆ ತೋಟ ಸುತ್ತುವಾಗ ನಾಲ್ಕೈದು ಮರಗಳ ಗರಿ ಹಳದಿಯಾಗಿರುವುದು ಕಣ್ಣಿಗೆ ಬೀಳುತ್ತದೆ. ಪಕ್ಕದ ತೋಟದವರನ್ನು ಕೇಳಿದರೆ, "ಯೂರಿಯಾ ಕಮ್ಮಿ ಆಗೈತೆ, ಹಾಕಪ್ಪ" ಎನ್ನುತ್ತಾರೆ. ಇನ್ನೊಬ್ಬರು, "ಬುಡಕ್ಕೆ ಎರಡು ಸೇರು ಉಪ್ಪು ಹಾಕು, ಸರಿ ಹೋಗ್ತದೆ" ಎನ್ನುತ್ತಾರೆ. ಮೂರನೆಯವರ ಪ್ರಕಾರ ಅದು ನುಸಿ. ಗೊಬ್ಬರದ ಅಂಗಡಿಯಲ್ಲಿ ಬೇರಿಗೆ ಕೊಡುವ ಟಾನಿಕ್ ಬಾಟಲಿ ಕೈಗೆ ಬರುತ್ತದೆ.

ಇವರಲ್ಲಿ ಯಾರ ಮಾತು ಸರಿ? ಮರದ ಯಾವ ಗರಿ ಹಳದಿಯಾಗಿದೆ ಎಂದು ಯಾರೂ ಕೇಳಲಿಲ್ಲ ಎಂಬುದನ್ನು ಗಮನಿಸಿ. ಅದು ಗೊತ್ತಾಗದೆ ಇವರಲ್ಲಿ ಯಾರಿಗೂ ಸರಿಯಾದ ಉತ್ತರ ಹೇಳಲು ಸಾಧ್ಯವಿಲ್ಲ.

ಹಳದಿ ಎನ್ನುವುದು ರೋಗದ ಹೆಸರಲ್ಲ

ಮನುಷ್ಯನಿಗೆ ಜ್ವರ ಹೇಗೋ ಗಿಡಕ್ಕೆ ಹಳದಿ ಬಣ್ಣ ಹಾಗೆ. ನೆಗಡಿಯಿಂದಲೂ ಜ್ವರ ಬರಬಹುದು, ಡೆಂಗಿಯಿಂದಲೂ ಬರಬಹುದು. ಎಲೆಯ ಹಸಿರು ಕ್ಲೋರೋಫಿಲ್ ಎಂಬ ವಸ್ತುವಿನಿಂದ ಬರುತ್ತದೆ. ಅದು ತಯಾರಾಗುವುದು ನಿಂತರೆ, ಅಥವಾ ಇದ್ದದ್ದು ಒಡೆದುಹೋದರೆ, ಹಸಿರಿನ ಕೆಳಗೆ ಮೊದಲಿನಿಂದಲೂ ಇದ್ದ ಹಳದಿ ಬಣ್ಣ ಕಾಣಿಸುತ್ತದೆ. ಇದಕ್ಕೆ ಪೋಷಕಾಂಶದ ಕೊರತೆ, ನೀರಿನ ಕೊರತೆ, ನೀರು ಹೆಚ್ಚಾಗಿರುವುದು, ಬೇರು ಕೊಳೆತಿರುವುದು, ಹುಳು, ಶಿಲೀಂಧ್ರ, ಕೊನೆಗೆ ಗರಿಗೆ ವಯಸ್ಸಾಗಿರುವುದು, ಯಾವುದೂ ಕಾರಣವಾಗಬಹುದು.

ಮೊದಲು ವಯಸ್ಸಿನ ವಿಷಯ ನೋಡೋಣ. ಆರೋಗ್ಯವಾಗಿರುವ ಎತ್ತರದ ತೆಂಗಿನ ಮರದಲ್ಲಿ ಸಾಮಾನ್ಯವಾಗಿ 30ರಿಂದ 35 ಗರಿಗಳಿರುತ್ತವೆ. ತಿಂಗಳಿಗೆ ಸುಮಾರು ಒಂದರಂತೆ ಸುಳಿಯಿಂದ ಹೊಸ ಗರಿ ಬರುತ್ತದೆ, ಅಷ್ಟೇ ಲೆಕ್ಕದಲ್ಲಿ ಕೆಳಗಿನದು ಹಳದಿಯಾಗಿ, ಒಣಗಿ, ಬೀಳುತ್ತದೆ. ಆದ್ದರಿಂದ ತೀರಾ ಕೆಳಗಿನ ಒಂದೆರಡು ಗರಿ ಮಾತ್ರ ಹಳದಿಯಾಗಿದ್ದರೆ ಚಿಂತೆ ಬೇಡ. ಮೂರು, ನಾಲ್ಕು, ಐದು ಗರಿ ಒಟ್ಟಿಗೆ ಬಣ್ಣ ಕಳೆದುಕೊಂಡಿದ್ದರೆ, ಅಥವಾ ಮೇಲಿನ ಎಳೆಯ ಗರಿಗಳೇ ಹಳದಿಯಾಗಿದ್ದರೆ, ಆಗ ಕಾರಣ ಹುಡುಕಬೇಕು.

ಕೆಳಗಿನ ಗರಿಯೋ, ಮೇಲಿನ ಗರಿಯೋ?

ಸಾರಜನಕ, ಪೊಟ್ಯಾಷಿಯಂ, ಮೆಗ್ನೀಷಿಯಂಗಳನ್ನು ಗಿಡ ತನ್ನೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಲ್ಲದು. ಬರಗಾಲದಲ್ಲಿ ಮನೆಯ ಹಿರಿಯರು ತಮ್ಮ ಪಾಲಿನ ಮುದ್ದೆಯನ್ನು ಮಕ್ಕಳಿಗೆ ಬಿಟ್ಟುಕೊಡುವಂತೆ, ಕೊರತೆಯಾದಾಗ ಹಳೆಯ ಗರಿಗಳಲ್ಲಿರುವ ಈ ಅಂಶಗಳು ಸುಳಿಯ ಕಡೆಗೆ ಹೋಗುತ್ತವೆ. ಹಾಗಾಗಿ ಮೊದಲು ಹಳದಿಯಾಗುವುದು ಕೆಳಗಿನ ಗರಿ. ಕಬ್ಬಿಣ, ಗಂಧಕದಂಥವು ಒಮ್ಮೆ ಎಲೆಗೆ ಸೇರಿದ ಮೇಲೆ ಹೆಚ್ಚು ಜಾಗ ಬದಲಿಸುವುದಿಲ್ಲ. ಅವು ಕಡಿಮೆಯಾದಾಗ ಹಳೆಯ ಗರಿ ಹಸಿರಾಗಿಯೇ ಇದ್ದು ಹೊಸ ಗರಿ ಹಳದಿಯಾಗಿ ಹೊರಬರುತ್ತದೆ. ಹೂಕುಂಡದ ಗಿಡದಿಂದ ಹಿಡಿದು ತೆಂಗಿನ ಮರದವರೆಗೆ ಈ ನಿಯಮ ಒಂದೇ.

ಕೆಳಗಿನ ಗರಿಗಳಾದರೆ, ಹಳದಿ ಯಾವ ರೀತಿಯಲ್ಲಿದೆ ಎಂದು ನೋಡಿ.

ಗರಿ ಪೂರ್ತಿ ಒಂದೇ ಸಮನಾಗಿ ಪೇಲವವಾಗಿದ್ದು, ಮರದ ಇಡೀ ತಲೆಯೇ ತಿಳಿಹಸಿರಾಗಿದ್ದರೆ ಸಾರಜನಕದ ಕೊರತೆ ಇರಬಹುದು. ಯೂರಿಯಾ ನೆರವಾಗುವುದು ಇದಕ್ಕೆ.

ಗರಿಯ ತುದಿ ಮತ್ತು ಎಲೆಗಳ ಅಂಚು ಸುಟ್ಟಂತೆ ಒಣಗಿ, ಎಲೆಯ ತುಂಬ ಕಿತ್ತಳೆ-ಹಳದಿ ಚುಕ್ಕೆಗಳಿದ್ದರೆ ಪೊಟ್ಯಾಷಿಯಂ ಕೊರತೆ. ತೆಂಗು ಮಣ್ಣಿನಿಂದ ಎಲ್ಲಕ್ಕಿಂತ ಹೆಚ್ಚಾಗಿ ತೆಗೆದುಕೊಳ್ಳುವ ಪೋಷಕಾಂಶ ಇದೇ. ಅದರಲ್ಲಿ ದೊಡ್ಡ ಪಾಲು ಕಾಯಿಯ ಸಿಪ್ಪೆಯಲ್ಲಿರುತ್ತದೆ. ಸಿಪ್ಪೆಯೆಲ್ಲ ನಾರಿನ ಕಾರ್ಖಾನೆಗೆ ಹೋದರೆ, ಅದರ ಜೊತೆ ತೋಟದ ಪೊಟ್ಯಾಷಿಯಂ ಕೂಡ ಲಾರಿ ಹತ್ತುತ್ತದೆ.

ಎಲೆಯ ಹೊರಭಾಗ ಹೊಳೆಯುವ ಹಳದಿಯಾಗಿದ್ದು, ಕಡ್ಡಿಯ ಪಕ್ಕ ಮಾತ್ರ ಹಸಿರು ಉಳಿದಿದ್ದರೆ ಮೆಗ್ನೀಷಿಯಂ ಕೊರತೆ. ಇದಕ್ಕೊಂದು ಗುರುತಿದೆ: ಬಿಸಿಲು ಬೀಳುವ ಭಾಗ ಹಳದಿಯಾಗುತ್ತದೆ, ಮೇಲಿನ ಗರಿಯ ನೆರಳು ಬೀಳುವ ಭಾಗ ಹಸಿರಾಗಿಯೇ ಇರುತ್ತದೆ. ಪೊಟ್ಯಾಷ್ ಅತಿಯಾಗಿ ಹಾಕಿದ ತೋಟದಲ್ಲೂ ಇದು ಬರಬಹುದು. ಬೇರು ಹೀರಿಕೊಳ್ಳುವಾಗ ಈ ಎರಡು ಅಂಶಗಳ ನಡುವೆ ಪೈಪೋಟಿ ಇರುತ್ತದೆ.

ಕಬ್ಬಿಣದ ಬೆಟ್ಟದ ಕೆಳಗೆ ಕಬ್ಬಿಣದ ಕೊರತೆಯೇ?

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೆಟ್ಟಸಾಲಿನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಇದೆ, ಸುಣ್ಣಕಲ್ಲೂ ಇದೆ. "ನಮ್ಮ ಮಣ್ಣೇ ಕೆಂಪು, ಕಬ್ಬಿಣಕ್ಕೆ ಏನು ಕಡಿಮೆ?" ಎಂದು ಕೇಳುವವರಿದ್ದಾರೆ. ಮಣ್ಣಿನಲ್ಲಿ ಕಬ್ಬಿಣ ಇರುವುದು ಬೇರೆ, ಅದು ನೀರಿನಲ್ಲಿ ಕರಗಿ ಬೇರಿಗೆ ಸಿಗುವುದು ಬೇರೆ. ಸುಣ್ಣದ ಅಂಶ ಹೆಚ್ಚಿರುವ ಕ್ಷಾರ ಮಣ್ಣಿನಲ್ಲಿ ಕಬ್ಬಿಣ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಗಡಸು ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಹಾಯಿಸಿದ ತೋಟದಲ್ಲೂ ಮಣ್ಣು ನಿಧಾನವಾಗಿ ಕ್ಷಾರವಾಗುತ್ತದೆ. ಅಂಥ ಕಡೆ ಎಳೆಯ ಗರಿಗಳ ಎಲೆಯಲ್ಲಿ ನರಗಳು ಹಸಿರಾಗಿದ್ದು, ನಡುವಿನ ಭಾಗ ಹಳದಿಯಾಗುತ್ತದೆ. ಇದಕ್ಕೆ ಯೂರಿಯಾ ಹಾಕಿ ಪ್ರಯೋಜನವಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ರಸಸಾರ ತಿಳಿದುಕೊಳ್ಳಬೇಕು. ಕೊಟ್ಟಿಗೆ ಗೊಬ್ಬರ ಮತ್ತು ಹಸಿರೆಲೆ ಹೆಚ್ಚಿಸುವುದು ಇಲ್ಲಿ ನಿಜವಾಗಿ ನೆರವಾಗುತ್ತದೆ.

ನೀರು ಕಡಿಮೆಯೋ, ಹೆಚ್ಚೋ?

2016-17ರ ಬರದಲ್ಲಿ ಈ ಭಾಗದ ಸಾವಿರಾರು ತೆಂಗಿನ ಮರಗಳು ಒಣಗಿದ್ದನ್ನು ಇಲ್ಲಿಯವರು ಮರೆತಿಲ್ಲ. ನೀರು ಸಾಲದಿದ್ದರೆ ಕೆಳಗಿನ ಗರಿಗಳು ಹಳದಿಯಾಗಿ ಜೋತುಬೀಳುತ್ತವೆ, ಹರಳು ಉದುರುತ್ತದೆ. ಬೇಸಿಗೆಯಲ್ಲಿ ಪಾತಿಗೆ ನೀರು ಕೊಡುವುದಾದರೆ ನಾಲ್ಕು ದಿನಕ್ಕೊಮ್ಮೆ ಮರಕ್ಕೆ ಸುಮಾರು 200 ಲೀಟರ್ ಬೇಕು.

ಆದರೆ ಬರ ಕಂಡವರು ನೀರು ಸಿಕ್ಕಾಗ ಅತಿ ಮಾಡುವುದೂ ಉಂಟು. ಕೆರೆಯ ಹಿಂದಿನ ಜವುಗು, ನಾಲೆಯ ಪಕ್ಕದ ತಗ್ಗು, ಯಾವಾಗಲೂ ಒದ್ದೆಯಾಗಿರುವ ಪಾತಿ, ಇಲ್ಲೆಲ್ಲ ಬೇರಿಗೆ ಗಾಳಿ ಸಿಗುವುದಿಲ್ಲ. ಉಸಿರುಕಟ್ಟಿದ ಬೇರು ಗೊಬ್ಬರವನ್ನು ಹೀರಲಾರದು. ಮಣ್ಣಿನಲ್ಲಿ ಎಲ್ಲವೂ ಇದ್ದರೂ ಗರಿ ಹಳದಿಯಾಗುತ್ತದೆ. ಇದಕ್ಕೆ ಬಸಿಗಾಲುವೆ ತೆಗೆಯುವುದೇ ಪರಿಹಾರ.

ತಡ ಮಾಡಬಾರದ್ದು: ಅಣಬೆ ರೋಗ

ಇಲ್ಲಿಯವರೆಗೆ ಹೇಳಿದ್ದರಲ್ಲಿ ತಪ್ಪಾದರೆ ಸ್ವಲ್ಪ ಹಣ, ಸ್ವಲ್ಪ ಸಮಯ ಹೋಗುತ್ತದೆ. ಇದರಲ್ಲಿ ತಪ್ಪಾದರೆ ಮರ ಹೋಗುತ್ತದೆ, ಪಕ್ಕದ ಮರವೂ ಹೋಗಬಹುದು.

ಗ್ಯಾನೋಡರ್ಮಾ ಎಂಬ ಶಿಲೀಂಧ್ರದಿಂದ ಬರುವ ಅಣಬೆ ರೋಗ ತುಮಕೂರು, ಹಾಸನ ಕಡೆಯ ತೆಂಗು ಬೆಳೆಗಾರರಿಗೆ ಹಳೆಯ ಶತ್ರು. ಶಿಲೀಂಧ್ರ ಮಣ್ಣಿನಲ್ಲಿದ್ದು ಬೇರಿನ ಮೂಲಕ ಬುಡಕ್ಕೆ ಹತ್ತುತ್ತದೆ. ಮೇಲೆ ಕಾಣುವ ಮೊದಲ ಗುರುತು ಕೆಳಗಿನ ಗರಿಗಳು ಹಳದಿಯಾಗಿ ಕಾಂಡದ ಸುತ್ತ ಜೋತುಬೀಳುವುದು. ನೋಡಿದವರು "ಗೊಬ್ಬರ ಸಾಲದು" ಎಂದುಕೊಳ್ಳುತ್ತಾರೆ. ಒಂದು ವರ್ಷ ಗೊಬ್ಬರ ಹಾಕುತ್ತ ಕಳೆಯುತ್ತಾರೆ. ಅಷ್ಟರಲ್ಲಿ ರೋಗ ಬೇರಿನಿಂದ ಬೇರಿಗೆ ದಾಟಿರುತ್ತದೆ.

ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ತಲೆ ಎತ್ತಿ ಗರಿ ನೋಡಿದ ಮೇಲೆ ತಲೆ ಬಗ್ಗಿಸಿ ಬುಡವನ್ನೂ ನೋಡಿ. ನೆಲಮಟ್ಟದಿಂದ ಶುರುವಾಗಿ ಕಾಂಡದಿಂದ ಕೆಂಪು-ಕಂದು ರಸ ಸೋರಿ ಕಲೆಯಾಗಿದ್ದರೆ ಅಣಬೆ ರೋಗದ ಸಂಶಯ ಪಡಬೇಕು. ಬುಡದಲ್ಲಿ ಅಣಬೆ ಕಾಣಲಿ ಎಂದು ಕಾಯಬೇಡಿ. ಅಣಬೆ ಬರುವುದು ರೋಗ ಬಲಿತ ಮೇಲೆ. (ಬುಡ ಚೆನ್ನಾಗಿದ್ದು ಕಾಂಡದ ನಡುವೆ ಅಲ್ಲಲ್ಲಿ ರಸ ಸೋರುತ್ತಿದ್ದರೆ ಅದು ಬೇರೆ, ಕಾಂಡ ಸೋರುವ ರೋಗ.)

ಸಂಶಯ ಬಂದ ಮರದ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಂದಕ ತೆಗೆದು ಬೇರಿನ ಸಂಪರ್ಕ ತಪ್ಪಿಸಿ. ಆ ಮರದ ಪಾತಿಯ ನೀರು ಬೇರೆ ಮರಕ್ಕೆ ಹರಿಯದಂತೆ ನೋಡಿಕೊಳ್ಳಿ. ಹತ್ತಿರ ಆಳವಾಗಿ ಉಳುಮೆ ಮಾಡಿ ಬೇರು ಕಡಿಯಬೇಡಿ. ವರ್ಷಕ್ಕೆ ಮರವೊಂದಕ್ಕೆ 5 ಕೆ.ಜಿ. ಬೇವಿನ ಹಿಂಡಿಯನ್ನು ಟ್ರೈಕೋಡರ್ಮಾ ಬೆರೆಸಿ ಕೊಡುವುದು ರೂಢಿಯಲ್ಲಿರುವ ಶಿಫಾರಸು. ಬೇರಿನ ಮೂಲಕ ಔಷಧ ಕೊಡುವುದನ್ನು ತೋಟಗಾರಿಕೆ ಇಲಾಖೆಯವರನ್ನೋ ತಿಪಟೂರಿನ ಹತ್ತಿರದ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿಯೇ ಮಾಡಿ.

ಹುಳುವಿನ ಕೆಲಸವೂ ಆಗಿರಬಹುದು

ದೂರದಿಂದ ಗರಿಗಳು ಬೆಂಕಿ ತಾಗಿದಂತೆ ಕಂಡರೆ, ಎಲೆಯ ಕೆಳಭಾಗ ತಿರುಗಿಸಿ ನೋಡಿ. ಹಿಕ್ಕೆ ಮತ್ತು ನೂಲಿನಿಂದ ಮಾಡಿದ ಕೊಳವೆಯಂಥ ಗೂಡು ಇದ್ದರೆ ಕಪ್ಪುತಲೆ ಹುಳು. ಎಳೆಯ ಮರದಲ್ಲಿ ನಡುವಿನ ಗರಿಗಳು ಹಳದಿಯಾಗಿ, ಕಾಂಡದಲ್ಲಿ ತೂತು, ಅಗಿದ ನಾರು, ಕಂದು ರಸ ಕಂಡರೆ ಕೆಂಪುಮೂತಿ ಹುಳು. ಇದಕ್ಕೂ ತಡ ಮಾಡಬಾರದು. ಸುಳಿ ಬಾಡಿ, ಎಳೆದರೆ ಕಿತ್ತುಬಂದು ಕೆಟ್ಟ ವಾಸನೆ ಬಂದರೆ ಅದು ಸುಳಿಕೊಳೆ.

ಇನ್ನು ಊರಿನ ಸಲಹೆಗಳು

"ಉಪ್ಪು ಹಾಕಿದರೆ ಸರಿಹೋಗುತ್ತದೆ": ಅರ್ಧ ನಿಜ. ತೆಂಗಿಗೆ ಕ್ಲೋರೈಡ್ ಬೇಕು, ಉಪ್ಪಿನಲ್ಲಿ ಅದಿದೆ. ಆದರೆ ನಾವು ಹಾಕುವ ಮ್ಯುರಿಯೇಟ್ ಆಫ್ ಪೊಟ್ಯಾಷ್‌ನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರೈಡೇ ಇರುತ್ತದೆ. ಉಪ್ಪಿನ ಜೊತೆ ಬರುವ ಸೋಡಿಯಂ ಮಾತ್ರ ಮಣ್ಣನ್ನು ಗಟ್ಟಿ ಮಾಡುತ್ತದೆ. ಈಗಾಗಲೇ ಸವಳು ನೀರಿರುವ ತೋಟಕ್ಕೆ ಅದು ಬೇಡವೇ ಬೇಡ.

"ನುಸಿ ಬಂದಿದೆ": 1998ರಲ್ಲಿ ಕೇರಳದಲ್ಲಿ ಮೊದಲು ಕಾಣಿಸಿಕೊಂಡು ನಮ್ಮ ಕಡೆಗೂ ಹಬ್ಬಿದ ನುಸಿ ಇರುವುದು ಎಳೆಯ ಕಾಯಿಯ ತೊಟ್ಟಿನ ಕೆಳಗೆ. ಕಾಯಿಯ ಮೇಲೆ ಕಂದು ಗಾಯ, ಬಿರುಕು ಮಾಡುತ್ತದೆ. ಗರಿಯನ್ನು ಹಳದಿ ಮಾಡುವುದಿಲ್ಲ.

"ಯೂರಿಯಾ ಹಾಕಿದರೆ ಸಾಕು": ಫಲ ಕೊಡುವ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಸಾಮಾನ್ಯ ಶಿಫಾರಸು. ಅಂದರೆ ಸುಮಾರು 1.1 ಕೆ.ಜಿ. ಯೂರಿಯಾ, 2 ಕೆ.ಜಿ. ಸೂಪರ್ ಫಾಸ್ಫೇಟ್, 2 ಕೆ.ಜಿ. ಮ್ಯುರಿಯೇಟ್ ಆಫ್ ಪೊಟ್ಯಾಷ್, ಮುಂಗಾರಿನ ಮೊದಲು ಮತ್ತು ಸೆಪ್ಟೆಂಬರ್ ಹೊತ್ತಿಗೆ ಎರಡು ಕಂತಿನಲ್ಲಿ. ಪಟ್ಟಿಯಲ್ಲಿ ದೊಡ್ಡ ಅಂಕಿ ಯಾವುದಕ್ಕಿದೆ ನೋಡಿ. ಮೆಗ್ನೀಷಿಯಂ ಕೊರತೆ ಇದ್ದರೆ ಇದರ ಜೊತೆ 500 ಗ್ರಾಂ ಮೆಗ್ನೀಷಿಯಂ ಸಲ್ಫೇಟ್.

"ಹದಿನೈದು ದಿನದಲ್ಲಿ ಹಸಿರಾಗುತ್ತದೆ": ಪೊಟ್ಯಾಷ್, ಮೆಗ್ನೀಷಿಯಂ ಕೊರತೆಯಿಂದ ಪೂರ್ತಿ ಹಳದಿಯಾದ ಹಳೆಯ ಗರಿ ಮತ್ತೆ ಹಸಿರಾಗುವುದಿಲ್ಲ. ಮುಂದೆ ಬರುವ ಗರಿಗಳು ಹೇಗಿವೆ ಎಂಬುದನ್ನು ನೋಡಬೇಕು. ತಿಂಗಳಿಗೆ ಒಂದೇ ಗರಿ ಬರುವುದರಿಂದ ವ್ಯತ್ಯಾಸ ಕಾಣಲು ಆರು ತಿಂಗಳಾದರೂ ಬೇಕು. ಫಸಲಿಗೆ ಇನ್ನೂ ಹೆಚ್ಚು ಸಮಯ ಬೇಕು, ಏಕೆಂದರೆ ಇವತ್ತು ಬಿಚ್ಚಿದ ಹೊಂಬಾಳೆ ಮರದೊಳಗೆ ಮೊಳೆತದ್ದು ಎರಡೂವರೆ ವರ್ಷಕ್ಕೂ ಹಿಂದೆ.

ನಾಳೆ ಬೆಳಿಗ್ಗೆ ತೋಟಕ್ಕೆ ಹೋದಾಗ

ಹಳದಿಯಾದ ಮರದ ಕೆಳಗೆ ಹತ್ತು ನಿಮಿಷ ನಿಲ್ಲಿ. ಮೊದಲು ಬುಡ: ರಸ ಸೋರಿದೆಯೇ, ತೂತಿದೆಯೇ? ಆಮೇಲೆ ಪಾತಿ: ಮಣ್ಣು ಒಣಗಿದೆಯೇ, ಕೆಸರಾಗಿದೆಯೇ? ಆಮೇಲೆ ಗರಿ: ಕೆಳಗಿನದೋ, ಮೇಲಿನದೋ? ತುದಿಯೋ, ಅಂಚೋ, ನರಗಳ ನಡುವೆಯೋ? ಕೊನೆಗೆ ಸುತ್ತ ನೋಡಿ: ಒಂದೆರಡು ಮರವೋ, ಇಡೀ ಸಾಲೋ? ಇಡೀ ತೋಟ ಒಂದೇ ಬಗೆಯಲ್ಲಿ ಹಳದಿಯಾಗಿದ್ದರೆ ಮಣ್ಣು ಅಥವಾ ನೀರಿನ ಸಮಸ್ಯೆ ಇರುವ ಸಂಭವ ಹೆಚ್ಚು. ಒಂದು ಮರ ಹಳದಿಯಾಗಿ ಮುಂದಿನ ವರ್ಷ ಅದರ ಪಕ್ಕದ್ದೂ ಹಾಗಾದರೆ ರೋಗದ ಸಂಭವ ಹೆಚ್ಚು.

ಎರಡು ಕೊರತೆಗಳು ಒಟ್ಟಿಗೆ ಇದ್ದರೆ ಗುರುತುಗಳು ಬೆರೆತು ಕಣ್ಣಿಗೆ ಗೊಂದಲವಾಗುತ್ತದೆ. ಆಗ ಮಣ್ಣಿನ ಜೊತೆ ಎಲೆಯನ್ನೂ ಪರೀಕ್ಷೆಗೆ ಕೊಡಬಹುದು. ಅದಕ್ಕೆ ಮೇಲಿನಿಂದ 14ನೇ ಗರಿಯ ಎಲೆ ತೆಗೆಯುತ್ತಾರೆ. ಫೋಟೊ ತೆಗೆದುಕೊಂಡು ಹೋಗುವುದಾದರೆ ಗರಿಯ ಫೋಟೊ ಒಂದೇ ಸಾಲದು. ಬುಡದ್ದೂ ಇರಲಿ, ಎಲೆಯ ಕೆಳಭಾಗದ್ದೂ ಇರಲಿ.

ಒಮ್ಮೆ ನೆಟ್ಟ ತೆಂಗು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಫಲ ಕೊಡುತ್ತದೆ. ಅಪ್ಪನೋ ಅಜ್ಜನೋ ನೆಟ್ಟ ಮರಕ್ಕೆ ಔಷಧ ಹುಡುಕುವ ಮೊದಲು ಹತ್ತು ನಿಮಿಷ ಅದರ ಕೆಳಗೆ ನಿಂತು ನೋಡುವುದು ದೊಡ್ಡ ಖರ್ಚೇನಲ್ಲ.